ಬಂಡೆಯ ಬರಹವೂ ಜಾಲತಾಣದ ಬರಹವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಒಂದು ವಿಚಿತ್ರವುಂಟು. ಬರಹವೆಲ್ಲವೂ ಬ್ರಾಹ್ಮೀ ಲಿಪಿಯಲ್ಲಿರಲು, ಬರೆದ ಚಪಡನು ‘ಲಿಪಿಕಾರನಿಂದ’ ಎಂಬ ಅರ್ಥದ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿಯು ದೂರದ ವಾಯವ್ಯ ಪ್ರಾಂತದ ಲಿಪಿ. ಬಲದಿಂದ ಎಡಕ್ಕೆ ಸಾಗುವುದು. ಅದನ್ನರಿಯದವನು ಬಂಡೆಯನ್ನು ಎಷ್ಟು ಹತ್ತಿರದಿಂದ ನೋಡಿದರೂ ಕಾಣುವುದು ಬರಿಯ ಗೀಟು. ಬರಹವು ಎದುರಿಗಿದ್ದೂ ಓದಲಾರದ ಈ ಸ್ಥಿತಿ ಇಂದಿನ ಜಾಲತಾಣಗಳಲ್ಲಿಯೂ ಉಂಟು.

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೊದಲ ಜಾಲತಾಣವು ಲೋಕಕ್ಕೆ ತೆರೆಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಆ ತಂತ್ರವನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಈಗ ಸಿದ್ಧ ಮಾದರಿಗಳು ದೊರೆಯುವುದರಿಂದ ಗಣಕಶಾಸ್ತ್ರ ಕಲಿಯದವರೂ ಒಂದು ಸಂಜೆಯಲ್ಲಿ ತಾಣ ಕಟ್ಟಬಲ್ಲರು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರಾಗಲಿ, ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆ ಮಾರುವವರಾಗಲಿ ದಲ್ಲಾಳಿಯ ಹಂಗಿಲ್ಲದೆ ತಮ್ಮ ಸರಕನ್ನು ತೋರಿಸಬಹುದು. ಇದು ಸಂತೋಷದ ಸಂಗತಿಯೇ ಸರಿ.

ಒಬ್ಬ ನೇಕಾರನು ಹೀಗೆ ತಾಣ ಮಾಡಿದನೆಂದು ಇಟ್ಟುಕೊಳ್ಳೋಣ. ಸೀರೆಯ ಚಿತ್ರ, ಅದರ ಮೇಲೆಯೇ ಬೆಲೆ, ದೂರವಾಣಿ ಸಂಖ್ಯೆ. ಎಲ್ಲವೂ ಸೇರಿ ಒಂದೇ ಚಿತ್ರ. ಕಣ್ಣಿಗೆ ಸೊಗಸು. ಈಗ ಚಳ್ಳಕೆರೆಯ ಒಬ್ಬ ಅಂಧ ಶಿಕ್ಷಕಿ ಅದನ್ನು ತೆರೆಯುತ್ತಾರೆ. ಅಂಧರು ಗಣಕಯಂತ್ರ ಬಳಸುವುದು ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಸ್ವತಃ ಅಂಧರಾದ ಆಸ್ಟ್ರೇಲಿಯದ ಮೈಕೆಲ್ ಕರನ್ ಅವರು 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಅಂಥದು. ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಅಕ್ಷರಗಳನ್ನೇ ಹೊರತು ಚಿತ್ರದ ಬಣ್ಣಗಳನ್ನಲ್ಲ. ಆದುದರಿಂದ ಅದು ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಸಾಗುವುದು. ಶಿಕ್ಷಕಿಗೆ ಬೆಲೆಯೂ ತಿಳಿಯಲಿಲ್ಲ; ನೇಕಾರನಿಗೆ ಗಿರಾಕಿ ಬಂದುಹೋದದ್ದೂ ತಿಳಿಯಲಿಲ್ಲ.

ಪರಿಹಾರವು ಕಷ್ಟದ್ದಲ್ಲ. ಪ್ರತಿ ಚಿತ್ರದ ಹಿಂದೆಯೂ ಒಂದು ವಿವರಣೆಯನ್ನು ಬರೆದಿಡಲು ತಾಣದಲ್ಲಿ ಅವಕಾಶವಿದೆ. ಬಲ್ಲವರು ಇದನ್ನು ‘ಆಲ್ಟ್’ ಎನ್ನುತ್ತಾರೆ. ‘ಸೀರೆ 1’ ಎಂದರೆ ಸಾಲದು. ‘ಕಡುಗೆಂಪು ಒಡಲು, ಅರಿಸಿನ ಬಣ್ಣದ ಅಂಚು, ಸೆರಗಿನಲ್ಲಿ ನವಿಲು’ ಎಂದು ಬರೆದರೆ ಕೇಳುವವರಿಗೆ ಸೀರೆ ಮನಸ್ಸಿನಲ್ಲಿ ಮೂಡುತ್ತದೆ. ಬೆಲೆಯನ್ನಂತೂ ಅಕ್ಷರಗಳಲ್ಲಿಯೇ ಬರೆಯಬೇಕು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಯಂತ್ರವು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡ್ ಏರ್ಪಾಡಿನಲ್ಲಿ ‘ಕ’ಕಾರಕ್ಕೆ 3221 ಎಂಬ ಸಂಖ್ಯೆ. ಹಳೆಯ ಕನ್ನಡ ಅಕ್ಷರಶೈಲಿಗಳು ಹಾಗಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದವು. ವೇಷ ಕನ್ನಡ, ಒಳಗೆ ಇಂಗ್ಲಿಷ್! ಹಳೆಯ ಕಡತದಿಂದ ಎತ್ತಿ ಅಂಟಿಸಿದ ಅಂಥ ಬರಹವನ್ನು ಓದುವ ತಂತ್ರಾಂಶವು ಅರ್ಥವಿಲ್ಲದೆ ತೊದಲುತ್ತದೆ. ಹುಡುಕುಯಂತ್ರಕ್ಕೂ ಅದು ಸಿಕ್ಕದು. ಆದ್ದರಿಂದ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಮಂದದೃಷ್ಟಿಯವರಿಗೂ ವಯಸ್ಸಾದವರಿಗೂ ಬಣ್ಣದ ತೊಂದರೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅನುಪಾತದಲ್ಲಿ ಅಳೆಯುತ್ತಾರೆ. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಶುದ್ಧ ಹಳದಿ 1ಕ್ಕಿಂತ ತುಸುವೇ ಹೆಚ್ಚು. 2008ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5 ಇರಬೇಕೆನ್ನುತ್ತದೆ. ಬಣ್ಣಗಳ ಊರಿನವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲವೇನೋ!

ತಾಣ ಮಾಡಿದವರು ಒಮ್ಮೆ ಮೌಸನ್ನು ಬದಿಗಿಟ್ಟು, ಓದುವ ತಂತ್ರಾಂಶವನ್ನು ಹಾಕಿ, ಕಣ್ಣು ಮುಚ್ಚಿ, ಕೀಲಿಮಣೆಯೊಂದರಿಂದಲೇ ತಮ್ಮ ಪುಟದಲ್ಲಿ ಸಂಚರಿಸಿ ನೋಡಲಿ. ಸೀರೆಯ ಬೆಲೆಯೂ ದೂರವಾಣಿ ಸಂಖ್ಯೆಯೂ ಕಿವಿಗೆ ಬಿದ್ದವೋ ಇಲ್ಲವೋ ಎಂಬುದು ಐದು ನಿಮಿಷಗಳಲ್ಲಿ ಗೊತ್ತಾಗುತ್ತದೆ.