ನಾಲ್ಕನೇ ತರಗತಿಯ ಹಣೆಬರಹ

ನಾಂಪಲ್ಲಿ, ಹೈದರಾಬಾದ್

ಸೊಸೆಗೆ,

ಮ್ಯೂನಿಕ್‌ನಿಂದ ಫೋನಿನಲ್ಲಿ ನೀನು ಅತ್ತದ್ದು ಕೇಳಿ ನಿನ್ನ ಅತ್ತೆಗೆ ಊಟ ಸೇರಲಿಲ್ಲ. ನಾಲ್ಕನೇ ತರಗತಿಯ ನಿನ್ನ ಮಗನಿಗೆ ಜರ್ಮನ್, ಗಣಿತ, ಪರಿಸರ ಪಾಠ ಮೂರೂ ಸೇರಿ ಸರಾಸರಿ 2.66. ವಿಶ್ವವಿದ್ಯಾಲಯದ ದಾರಿ ಹಿಡಿಸುವ ಗಿಮ್ನಾಸಿಯಂ ಶಾಲೆಗೆ 2.33 ಬೇಕಿತ್ತು, ಹತ್ತನೇ ತರಗತಿಗೆ ಮುಗಿಯುವ ರಿಯಾಲ್‌ಶೂಲೆಗೆ ಅರ್ಹ ಎಂದು ಬರೆದುಕೊಟ್ಟಿದ್ದಾರೆ. (ಅಲ್ಲಿ 1 ಮೇಲು, 6 ತಳ. ನಿನ್ನ ಅಮ್ಮ ಉಲ್ಟಾ ತಿಳಿದು ಖುಷಿಯಾಗಿದ್ದಾಳೆ.) "ಹತ್ತು ವರ್ಷಕ್ಕೇ ಹಣೆಬರಹ ಬರೆದುಬಿಟ್ಟರು" ಎಂದೆ ನೀನು. ಆ ಹೆದರಿಕೆ ಮ್ಯೂನಿಕ್‌ನದಲ್ಲ ತಾಯಿ, ನಮ್ಮ ಓಣಿಯದು.

ಇಂಟರ್‌ಮೀಡಿಯೇಟ್ (ಪಿಯುಸಿ) ಬೋರ್ಡಿನ ನಾಂಪಲ್ಲಿ ಕಚೇರಿ ನೋಡುತ್ತಲೇ ಬೆಳೆದವಳು ನೀನು. ಫಲಿತಾಂಶದ ವಾರ ಅಲ್ಲಿ ಮಾರ್ಕ್ಸ್ ಮೆಮೊ ಹಿಡಿದು ನಿಲ್ಲುವ ಅಪ್ಪಂದಿರ ಮುಖಗಳು ಈಗಲೂ ಹಾಗೇ ಇವೆ. 2019ರ ಏಪ್ರಿಲ್‌ನಲ್ಲಂತೂ ಗೇಟಿನ ಮುಂದೆ ಪೊಲೀಸರು ನಿಂತಿದ್ದರು. ತೆಲುಗಿನಲ್ಲಿ ಸೊನ್ನೆ ಎಂದು ಬಂದ ಹುಡುಗಿಗೆ ಮರುಪರಿಶೀಲನೆಯಲ್ಲಿ 99 ಸಿಕ್ಕಿತು. ಆ ವರ್ಷ ಫಲಿತಾಂಶ ಬಂದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ಇದೇ ನಾಂಪಲ್ಲಿಯಲ್ಲಿ ಸರ್ಕಾರಿ ನೌಕರಿಗೆ ಆರಿಸುವ ಪಬ್ಲಿಕ್ ಸರ್ವಿಸ್ ಕಮಿಷನ್ನೂ ಇದೆ. ನಮ್ಮಲ್ಲಿ ಓದು ಎಂದರೆ ಈ ಎರಡು ಕಟ್ಟಡಗಳ ನಡುವಿನ ದಾರಿ.

ಈ ಓದಿನ ಹಂಬಲವನ್ನು ಹುಚ್ಚು ಎಂದು ನಗುವವರ ಮೇಲೆ ನನಗೆ ಸಿಟ್ಟಿದೆ. ಬೀದರಿನಿಂದ ಬಂದ ನಿನ್ನ ಅಜ್ಜ ಹೊಲಿಗೆ ಮಷಿನ್ ತುಳಿದು ನಮ್ಮನ್ನು ಓದಿಸಿದರು. ನಾನು ತಮಾಷೆಗೆ ಕತ್ತರಿ ಎತ್ತಿಕೊಂಡರೂ ಗದರುತ್ತಿದ್ದರು. ಅಪ್ಪನ ಕಸುಬಿನಿಂದ ಮಗ ಬಿಡಿಸಿಕೊಳ್ಳಲಿ ಎಂಬುದೇ ಅವರ ಮಟ್ಟಿಗೆ ಶಾಲೆಯ ಉದ್ದೇಶ. ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿ ಅರ್ಧ ದಿನ ಶಾಲೆ, ಉಳಿದರ್ಧ ಮನೆಯ ಕಸುಬು ಎಂಬ ಯೋಜನೆ ತಂದರು. ನಮ್ಮ ಮಂಗಳೂರು, ಕಾಸರಗೋಡು ಆಗ ಅದೇ ರಾಜ್ಯದಲ್ಲಿದ್ದವು. ಕುಲಕಸುಬನ್ನೇ ಮತ್ತೆ ತಲೆಗೆ ಕಟ್ಟುತ್ತಿದ್ದಾರೆ ಎಂದು ಜನ ತಿರುಗಿಬಿದ್ದರು. ಮರುವರ್ಷ ರಾಜಾಜಿ ಇಳಿದರು, ಅವರ ಜಾಗಕ್ಕೆ ಕಾಮರಾಜರು ಬಂದು ಯೋಜನೆ ಕೈಬಿಟ್ಟರು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳನ್ನು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರರ ಬಳಿ ಕಳಿಸಿ ಎಂದಾಗಲೂ ಕೆಲವರ ಹುಬ್ಬು ಗಂಟಿಕ್ಕಿದ್ದು ಆ ನೆನಪಿಗೇ.

ಜರ್ಮನಿಯ ಶಾಲೆಗೆ ಕಸುಬಿನಿಂದ ಬಿಡಿಸುವ ಈ ಭಾರವಿಲ್ಲ. ಮಗುವನ್ನು ಒಂದು ಕಸುಬಿಗೆ ಮುಟ್ಟಿಸುವುದೂ ಅಲ್ಲಿ ಶಾಲೆಯದೇ ಕೆಲಸ. ಔಸ್‌ಬಿಲ್ಡುಂಗ್‌ಗೆ (ಕಸುಬಿನ ತರಬೇತಿಗೆ) ಸೇರಿದವರು ವಾರದಲ್ಲಿ ಒಂದೆರಡು ದಿನ ತರಗತಿಯಲ್ಲಿ, ಉಳಿದ ದಿನ ಸಂಬಳ ಪಡೆಯುತ್ತಾ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಇರುತ್ತಾರೆ. ಹೀಗೆ ಕಲಿಯುವ ಉದ್ಯೋಗಗಳು ಮುನ್ನೂರಕ್ಕೂ ಹೆಚ್ಚು. ಮೈಸ್ಟರ್ (ಕಸುಬಿನ ಗುರು) ಆದ ಬಡಗಿಗೆ ಅಲ್ಲಿರುವ ಮರ್ಯಾದೆ ನಿನ್ನ ಅಜ್ಜನಿಗೆ ಇಲ್ಲಿ ಸಿಗಲಿಲ್ಲ.

ಹಾಗೆಂದು ಅವರದೆಲ್ಲ ಸರಿ ಎನ್ನಲಾರೆ. ಹತ್ತು ವರ್ಷಕ್ಕೆ ಮಕ್ಕಳನ್ನು ಬೇರ್ಪಡಿಸುವುದು ತೀರ ಬೇಗ. ಹಲವು ದೇಶಗಳ ಮಕ್ಕಳ ಕಲಿಕೆ ಅಳೆಯುವ ಪೀಸಾ ಎಂಬ ಪರೀಕ್ಷೆಯ 2000ನೇ ಇಸವಿಯ ಫಲಿತಾಂಶ ಬಂದಾಗ, ಮನೆಯ ಹಿನ್ನೆಲೆಗೂ ಮಗುವಿನ ಕಲಿಕೆಗೂ ಅಲ್ಲಿ ಎಷ್ಟು ಬಿಗಿಯಾದ ನಂಟಿದೆ ಎಂದು ಕಂಡು ಜರ್ಮನರೇ ಬೆಚ್ಚಿದರು. ಮನೆಯಲ್ಲಿ ಜರ್ಮನ್ ಮಾತಾಡದ ಮಗುವಿಗೆ ಆ ಸರಾಸರಿ ಇನ್ನೂ ತುಟ್ಟಿ. ಆದರೆ ಇಲ್ಲಿಯ ಬೋರ್ಡ್ ಪರೀಕ್ಷೆಯಂತೆ ಅಲ್ಲಿ ಒಂದೇ ಬಾಗಿಲಲ್ಲ. ರಿಯಾಲ್‌ಶೂಲೆಯ ಹತ್ತನೇ ತರಗತಿ ಮುಗಿಸಿ ಫಾಖ್‌ಓಬರ್‌ಶೂಲೆ ಎಂಬ ಮೇಲಿನ ಶಾಲೆ ಹಿಡಿದರೆ ಅಲ್ಲಿಂದ ಉನ್ನತ ಶಿಕ್ಷಣಕ್ಕೆ ಹೋಗಬಹುದು.

ಸರಾಸರಿ ಸಾಲದ ಮಕ್ಕಳಿಗೆ ಗಿಮ್ನಾಸಿಯಂನವರು ನಡೆಸುವ ಮೂರು ದಿನದ ಪ್ರಾಯೋಗಿಕ ಪಾಠಕ್ಕೆ ನಿನ್ನ ಮಗನಿಗೆ ಮನಸ್ಸಿದ್ದರೆ ಕೂರಿಸು. ನಿನ್ನ ಮನಸ್ಸಿಗಾಗಿ ಬೇಡ. ಸೋತೆ ಎಂಬ ಮಾತು ಅವನ ಕಿವಿಗೆ ಬೀಳದಿರಲಿ. ಸೈಕಲ್ ಬಿಚ್ಚಿ ಜೋಡಿಸುತ್ತಾನೆ ಎಂದೆಯಲ್ಲ, ಅಷ್ಟಕ್ಕೇ ಮೆಕ್ಯಾನಿಕ್ ಎಂದೂ ಹೆಸರಿಡಬೇಡ. ರಿಯಾಲ್‌ಶೂಲೆಯಾದರೆ ಏಳನೇ ತರಗತಿಗೆ ವಿಷಯಗಳ ಗುಂಪು ಆರಿಸಬೇಕಾಗುತ್ತದೆ. ಗಣಿತವೋ, ವ್ಯವಹಾರವೋ, ಫ್ರೆಂಚೋ, ಆಗ ಅವನನ್ನೇ ಕೂರಿಸಿಕೊಂಡು ಕೇಳು. ನನಗೆ ಫೋನ್ ಮಾಡಬೇಡ.

ನಿನ್ನ ಮಾಮಾ