ಉಮ್ಮತ್ತೂರು: ಕುಡಿಯುವ ನೀರು ಮತ್ತು ಕಾನೂನು

ಪರೀಕ್ಷೆಯ ಇತಿಹಾಸ ಪತ್ರಿಕೆಯಲ್ಲಿ ಉಮ್ಮತ್ತೂರು ಎಂದರೆ ಕೃಷ್ಣದೇವರಾಯನಿಗೆ ಸೋತ ಗಂಗರಾಜನ ಊರು. ಚಾಮರಾಜನಗರ ತಾಲ್ಲೂಕಿನ ಈ ಊರನ್ನು ನೀರಿನ ಪ್ರಶ್ನೆಗೂ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅನೇಕ ಹಳ್ಳಿಗಳು ಕೊಳವೆಬಾವಿಯನ್ನು ನಂಬಿವೆ. ಗಟ್ಟಿ ಶಿಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇರುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 1.5. ಮೀರಿದರೆ ಹಲ್ಲು, ಮೂಳೆಗಳಿಗೆ ಫ್ಲೋರೋಸಿಸ್. ಕುದಿಸಿದರೆ ಫ್ಲೋರೈಡ್ ಹೋಗದು (ಇಲ್ಲಿ ಅನೇಕರು ಎಡವುತ್ತಾರೆ). ಆರ್‌ಒ ಘಟಕ ತೆಗೆಯುತ್ತದೆ, ಆದರೆ ಗಣನೀಯ ಪ್ರಮಾಣದ ನೀರನ್ನು ಹೊರಚೆಲ್ಲುತ್ತದೆ. ಹಾಗಾಗಿ ಕಬಿನಿ ನದಿಯಿಂದ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದೇ ಹೆಚ್ಚು ಬಾಳುವ ದಾರಿ.

ಕರ್ನಾಟಕದ 1999ರ ಅಂತರ್ಜಲ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಕಡಿಮೆ ಓದುವ, ಆದರೆ ಮುಖ್ಯವಾದ ಅಂಶವಿದು.

ನೆನಪಿಡಿ: ಸುಭಾಷ್ ಕುಮಾರ್ ಪ್ರಕರಣದಲ್ಲಿ (1991) ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವಾಯಿತು; 11ನೇ ಅನುಸೂಚಿಯಲ್ಲಿ ಕುಡಿಯುವ ನೀರು ಪಂಚಾಯಿತಿ ವಿಷಯ; ನೀರಿನ ಹಕ್ಕಿಗೆ ವಿಶ್ವಸಂಸ್ಥೆಯ ಮಾನ್ಯತೆ 28 ಜುಲೈ 2010ರಂದು; ಜಲಜೀವನ್ ಮಿಷನ್ (2019) ಗುರಿ ತಲಾ ದಿನಕ್ಕೆ 55 ಲೀಟರ್.