ಆರಂಭದಲ್ಲೇ ಸ್ಥಗಿತಗೊಳ್ಳುವ ಲಿನಕ್ಸ್ ಸರ್ವರ್: ದೋಷ ಪತ್ತೆಯ ಕ್ರಮ

ಸಗಟು ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಕಚೇರಿಗಳಲ್ಲಿ ಲಿನಕ್ಸ್ ಸರ್ವರ್ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ, ಯು.ಪಿ.ಎಸ್. ಪಕ್ಕದಲ್ಲಿ, ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಲೆಕ್ಕಪತ್ರದ ಕಡತಗಳು, ಬಿಲ್ಲುಗಳು, ದಾಸ್ತಾನಿನ ವಿವರಗಳು ಎಲ್ಲವೂ ಅದರೊಳಗೇ ಇರುತ್ತವೆ. ರಾತ್ರಿ ವಿದ್ಯುತ್ ಕಡಿತವಾಗಿ, ಯು.ಪಿ.ಎಸ್. ಬ್ಯಾಟರಿಯೂ ಬರಿದಾಗಿ, ಬೆಳಗ್ಗೆ ಮತ್ತೆ ಚಾಲನೆ ಕೊಟ್ಟಾಗ ಪರದೆಯ ಮೇಲೆ ಕೆಲವು ಸಾಲುಗಳು ಮೂಡಿ ಅಲ್ಲಿಯೇ ನಿಂತುಬಿಟ್ಟರೆ ಆಗ ಎಲ್ಲರಿಗೂ ಅದರ ನೆನಪಾಗುತ್ತದೆ. ಮಾಸಿಕ ವಿವರಣ ಪತ್ರ ಸಲ್ಲಿಸುವವರಿಗೆ ಅಂದು ತಿಂಗಳ 11ನೆಯ ತಾರೀಖಾಗಿದ್ದರೆ ಜಿ.ಎಸ್.ಟಿ.ಆರ್.-1ರ ಗಡುವು, 20ನೆಯ ತಾರೀಖಾಗಿದ್ದರೆ 3ಬಿಯ ಗಡುವು ಎದುರಿಗಿರುತ್ತದೆ.

ಇಂತಹ ಗಾಬರಿಯಲ್ಲಿ ಎರಡು ತಪ್ಪುಗಳು ಪದೇ ಪದೇ ನಡೆಯುತ್ತವೆ. ಮೊದಲನೆಯದು, ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದು ನಾಲ್ಕಾರು ಬಾರಿ ಆರಿಸಿ ಹೊತ್ತಿಸುವುದು. ಎರಡನೆಯದು, ಬಂದ ತಂತ್ರಜ್ಞನು ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ’ ಎಂದಾಗ ಸಮ್ಮತಿಸಿಬಿಡುವುದು. ವಾಸ್ತವದಲ್ಲಿ ಆರಂಭದಲ್ಲಿ ನಿಂತ ಸರ್ವರ್ ಬಹುಮಟ್ಟಿಗೆ ಯಾವುದೋ ಒಂದು ವಸ್ತುವಿಗಾಗಿ ಕಾಯುತ್ತಿರುತ್ತದೆ. ಅದರೊಳಗಿನ ಮಾಹಿತಿ ಸುರಕ್ಷಿತವಾಗಿಯೇ ಇರುತ್ತದೆ. ಅದು ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ತಿಳಿಯುವ ಮುನ್ನ ಏನನ್ನೂ ಅಳಿಸಬಾರದು.

ತಃಖ್ತೆ ತಾಳೆಯಾಗದಿದ್ದಾಗ ಅನುಭವಿ ಗುಮಾಸ್ತರು ಇಡೀ ವರ್ಷದ ಪುಸ್ತಕವನ್ನು ತಿರುವಿಹಾಕುವುದಿಲ್ಲ. ಯಾವ ತಾರೀಖಿನವರೆಗೆ ಬಾಕಿ ಸರಿಯಿತ್ತು ಎಂಬುದನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಮುಂದೆ ಹುಡುಕುತ್ತಾರೆ. ಇಲ್ಲಿಯೂ ಅದೇ ಕ್ರಮ. ಯಂತ್ರವು ಮೊದಲು ತನ್ನ ಬಿಡಿಭಾಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಬಳಿಕ ‘ಗ್ರಬ್’ ಎಂಬ ಪುಟ್ಟ ತಂತ್ರಾಂಶವು ಲಿನಕ್ಸ್‌ನ ತಿರುಳಾದ ಕರ್ನೆಲ್ ಅನ್ನು ಸ್ಮೃತಿಗೆ ತರುತ್ತದೆ. ಕರ್ನೆಲ್ ಮುಖ್ಯ ಡಿಸ್ಕನ್ನು ಗುರುತಿಸಿ ‘ಸಿಸ್ಟಮ್‌ಡಿ’ಗೆ ಅಧಿಕಾರ ವಹಿಸುತ್ತದೆ. ಉಳಿದ ಡಿಸ್ಕುಗಳನ್ನು ಜೋಡಿಸುವುದು, ಜಾಲ ಸಂಪರ್ಕ, ಕಡತ ಹಂಚಿಕೆ ಮೊದಲಾದವೆಲ್ಲ ಸಿಸ್ಟಮ್‌ಡಿಯ ಹೊಣೆ. ತಯಾರಕರ ಲಾಂಛನದಲ್ಲೇ ನಿಂತರೆ ದೋಷ ಯಂತ್ರಾಂಶದ್ದೆಂದು ಶಂಕಿಸಬೇಕು. ಸಿಸ್ಟಮ್‌ಡಿಯ ಸಾಲುಗಳು ಮೂಡಿದ ಮೇಲೆ ನಿಂತರೆ ಯಂತ್ರವೂ ಕರ್ನೆಲ್ಲೂ ಹೆಚ್ಚುಕಡಿಮೆ ಸರಿಯಿವೆ ಎಂದೇ ತಿಳಿಯಬಹುದು.

ಅನೇಕ ಸರ್ವರುಗಳಲ್ಲಿ ಈ ಸಾಲುಗಳೇ ಕಾಣುವುದಿಲ್ಲ. ಬರಿಯ ಚಿತ್ರವೊಂದು ಸುತ್ತುತ್ತಿರುತ್ತದೆ. ಅಂದವಾಗಿ ಕಾಣಲೆಂದು ಸಂದೇಶಗಳನ್ನು ಮರೆಮಾಡಿರುವುದೇ ಇದಕ್ಕೆ ಕಾರಣ. ಸರ್ವರಿಗೆ ಅಂದವೇಕೋ ತಿಳಿಯದು. ಗ್ರಬ್‌ನ ಪಟ್ಟಿ ಕಂಡಾಗ ‘ಇ’ ಕೀಲಿಯನ್ನು ಒತ್ತಿ, ‘ಲಿನಕ್ಸ್’ ಎಂಬ ಪದದಿಂದ ಆರಂಭವಾಗುವ ಸಾಲಿನಲ್ಲಿರುವ ‘ಕ್ವಯಟ್’ ಎಂಬ ಪದವನ್ನೂ, ‘ಸ್ಪ್ಲ್ಯಾಶ್’ ಅಥವಾ ‘ಆರ್‌ಎಚ್‌ಜಿಬಿ’ ಎಂಬುದಿದ್ದರೆ ಅದನ್ನೂ ತೆಗೆದು, ಕಂಟ್ರೋಲ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಈ ಬದಲಾವಣೆ ಆ ಒಂದು ಬಾರಿಗೆ ಮಾತ್ರ; ಶಾಶ್ವತವಾಗಿ ಏನೂ ಬದಲಾಗುವುದಿಲ್ಲ. ಸಾಲುಗಳು ನಿಂತ ಮೇಲೆ ಕೊನೆಯ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ತಂತ್ರಜ್ಞನಿಗೆ ದೂರವಾಣಿಯಲ್ಲಿ ‘ಏನೋ ಇಂಗ್ಲಿಷಿನಲ್ಲಿ ಬರುತ್ತಿದೆ’ ಎನ್ನುವುದಕ್ಕಿಂತ ಆ ಚಿತ್ರ ಹೆಚ್ಚು ಉಪಯುಕ್ತ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗಬಹುದು. ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕ. ಪ್ರತಿ ರಾತ್ರಿ ಲೆಕ್ಕಪತ್ರದ ಪ್ರತಿಯನ್ನು ಹೊರ ಡಿಸ್ಕಿಗೆ ತೆಗೆಯುವ ವ್ಯವಸ್ಥೆ ಅಲ್ಲಿತ್ತು. ಬೆಂಕಿ, ಕಳವುಗಳ ಭಯಕ್ಕೆ ಡಿಸ್ಕನ್ನು ವಾರಕ್ಕೊಮ್ಮೆ ಕಚೇರಿಯಿಂದ ಹೊರಗೆ ಇಡಬೇಕೆಂದು ಲೆಕ್ಕಪರಿಶೋಧಕರು ಸಲಹೆ ಕೊಟ್ಟರು. ಅದರಂತೆ ಶನಿವಾರ ಡಿಸ್ಕು ಮಾಲೀಕರ ಮನೆ ಸೇರಿತು. ಭಾನುವಾರ ವಿದ್ಯುತ್ ಕಡಿತವಾಯಿತು. ಸೋಮವಾರ ಸರ್ವರ್ ಏಳಲಿಲ್ಲ. ಪರದೆಯ ಮೇಲಿದ್ದ ಕೊನೆಯ ಸಾಲು ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್’ ಎಂದು ಆರಂಭವಾಗಿ, ಮುಂದೆ ಒಂದು ಡಿಸ್ಕಿನ ಉದ್ದನೆಯ ಗುರುತು ಸಂಖ್ಯೆಯನ್ನೂ ಒಂದೂವರೆ ನಿಮಿಷದ ಮಿತಿಯನ್ನೂ ತೋರಿಸುತ್ತಿತ್ತು. ಮಿತಿ ಮುಗಿಯುವ ಮೊದಲೇ ಸಿಬ್ಬಂದಿ ಗುಂಡಿ ಒತ್ತಿ ಆರಿಸುತ್ತಿದ್ದರು; ಹೀಗೆ ಐದು ಬಾರಿ.

ಕಾರಣ ಸರಳ. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಅದರಲ್ಲಿ ಹೆಸರಿಸಿದ ಪ್ರತಿಯೊಂದು ಡಿಸ್ಕೂ ಅನಿವಾರ್ಯವೆಂದೇ ಸಿಸ್ಟಮ್‌ಡಿ ಭಾವಿಸುತ್ತದೆ. ಸಾಮಾನ್ಯವಾಗಿ 90 ಸೆಕೆಂಡು ಕಾದು, ಸಿಗದಿದ್ದರೆ ತುರ್ತು ಸ್ಥಿತಿಗೆ ಇಳಿದು ‘ರೂಟ್’ ಗುಪ್ತಪದ ಕೇಳುತ್ತದೆ. ಡಿಸ್ಕನ್ನು ಮರಳಿ ತಂದು ಜೋಡಿಸಿದ ಕೂಡಲೇ ಆ ಘಟಕದ ಸರ್ವರ್ ಎದ್ದಿತು. ಹಳೆಯ ಡಿಸ್ಕಿನ ಬದಲು ಹೊಸದನ್ನು ಜೋಡಿಸಿದರೂ ಇದೇ ತೊಂದರೆ ಬರುತ್ತದೆ. ಏಕೆಂದರೆ ಹೊಸದರ ಗುರುತು ಸಂಖ್ಯೆ ಬೇರೆ.

ಶಾಶ್ವತ ಪರಿಹಾರವೆಂದರೆ, ಆ ಕಡತದ ಸಂಬಂಧಪಟ್ಟ ಸಾಲಿನ ನಾಲ್ಕನೆಯ ಅಂಕಣದಲ್ಲಿ ‘ಡಿಫಾಲ್ಟ್ಸ್’ ಎಂಬುದರ ಮುಂದೆ ಅಲ್ಪವಿರಾಮ ಹಾಕಿ ‘ನೋಫೇಲ್’ ಎಂದು ಸೇರಿಸುವುದು. ಆಗ ಆ ಡಿಸ್ಕು ಇಲ್ಲದಿದ್ದರೂ ಸರ್ವರ್ ಮುಂದುವರಿಯುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಹೊರ ಡಿಸ್ಕು ಜೋಡಣೆಯಾಗದಿದ್ದಾಗ ಅದರ ಸ್ಥಾನದಲ್ಲಿ ಖಾಲಿ ಫೋಲ್ಡರ್ ಮಾತ್ರ ಉಳಿದಿರುತ್ತದೆ. ರಾತ್ರಿಯ ನಕಲು ತಂತ್ರಾಂಶವು ವ್ಯತ್ಯಾಸವನ್ನರಿಯದೆ ಅದರೊಳಗೇ, ಅಂದರೆ ಮುಖ್ಯ ಡಿಸ್ಕಿನಲ್ಲೇ, ಬರೆಯುತ್ತ ಹೋಗುತ್ತದೆ. ನಕಲು ಸುರಕ್ಷಿತವಾಗಿದೆಯೆಂದು ಮಾಲೀಕರು ನಂಬಿರುತ್ತಾರೆ. ಮುಖ್ಯ ಡಿಸ್ಕು ತುಂಬಿ ಇನ್ನೊಂದು ಬೆಳಗ್ಗೆ ಸೇವೆಗಳು ಆರಂಭವಾಗದೆ ನಿಲ್ಲುತ್ತವೆ. ಆದ್ದರಿಂದ ಡಿಸ್ಕು ನಿಜವಾಗಿ ಜೋಡಣೆಯಾಗಿದೆಯೇ ಎಂದು ‘ಮೌಂಟ್‌ಪಾಯಿಂಟ್’ ಆದೇಶದಿಂದ ಪರೀಕ್ಷಿಸಿದ ನಂತರವೇ ನಕಲು ಆರಂಭವಾಗುವಂತೆ ತಂತ್ರಜ್ಞನಿಗೆ ಹೇಳಬೇಕು.

ರೂಟ್ ಗುಪ್ತಪದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಎಷ್ಟೋ ಕಚೇರಿಗಳಲ್ಲಿ ಅದು ಸರ್ವರ್ ಸ್ಥಾಪಿಸಿದ ಗಣಕ ಮಾರಾಟಗಾರನ ಬಳಿ ಮಾತ್ರ ಇರುತ್ತದೆ. ತಿಜೋರಿಯ ಬೀಗದ ಕೈಯನ್ನು ಬೀಗ ಮಾರಿದವನ ಬಳಿಯೇ ಬಿಟ್ಟಂತೆ ಇದು. ಗುಪ್ತಪದವನ್ನು ಬರೆದು, ಲಕೋಟೆಗೆ ಅರಗು ಹಾಕಿ, ತಿಜೋರಿಯಲ್ಲಿಡುವುದು ಹಳೆಯ ಕಾಲದ ಕ್ರಮವೆನಿಸಿದರೂ ಇಂದಿಗೂ ಸರಿಯಾದದ್ದೇ.

ಕೆಲವೊಮ್ಮೆ ಸರ್ವರ್ ಕಾಯುವುದು ಡಿಸ್ಕಿನ ತಪಾಸಣೆಗಾಗಿ. ವಿದ್ಯುತ್ ಹಠಾತ್ತನೆ ಹೋದ ಬಳಿಕ ಇದು ಸಹಜ. ಲಿನಕ್ಸ್‌ನ ಕಡತ ವ್ಯವಸ್ಥೆಯು ‘ಜರ್ನಲ್’ ಎಂಬ ದಾಖಲೆಯನ್ನು ಇಟ್ಟಿರುತ್ತದೆ. ಇದು ವರ್ತಕರಿಗೆ ಚಿರಪರಿಚಿತವಾದ ಕಿರ್ದಿಯೇ. ಮಾಡಬೇಕಾದ ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಇಳಿಸುವುದು ಅದರ ಪದ್ಧತಿ. ನಡುವೆ ವಿದ್ಯುತ್ ಹೋದರೆ ಮುಂದಿನ ಆರಂಭದಲ್ಲಿ ಕಿರ್ದಿಯನ್ನು ನೋಡಿ ಬಾಕಿ ನಮೂದುಗಳನ್ನು ಖಾತೆಗೆ ಇಳಿಸಲಾಗುತ್ತದೆ. ಇದು ಕೆಲವೇ ಕ್ಷಣಗಳ ಕೆಲಸ. ಆದರೆ ಪೂರ್ಣ ತಪಾಸಣೆ ಬೇಕಾದಾಗ, ಡಿಸ್ಕು ದೊಡ್ಡದಾಗಿದ್ದರೆ, ಬಹಳ ಹೊತ್ತು ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿರುವವರೆಗೆ ತಾಳ್ಮೆಯಿಂದ ಇರುವುದೇ ಸರಿ. ಎಕ್ಸ್‌ಎಫ್‌ಎಸ್ ಮಾದರಿಯ ಡಿಸ್ಕುಗಳಲ್ಲಿ ದುರಸ್ತಿ ತಂತ್ರಾಂಶಕ್ಕೆ ‘ಎಲ್’ ಎಂಬ ಆಯ್ಕೆ ಕೊಟ್ಟರೆ ಕಿರ್ದಿಯನ್ನೇ ಹರಿದುಹಾಕಿದಂತಾಗುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ ಅದನ್ನು ಬಳಸಬೇಕು. ಸಾಮಾನ್ಯ ವ್ಯವಸ್ಥೆಯಲ್ಲಿ ಈ ಕಿರ್ದಿ ಕಡತಗಳ ಜೋಡಣೆಯ ವಿವರವನ್ನಷ್ಟೇ ಕಾಪಾಡುತ್ತದೆ, ಒಳಗಿನ ಅಂಕಿಗಳನ್ನಲ್ಲ. ಹೀಗಾಗಿ ಸರ್ವರ್ ಎದ್ದ ಮೇಲೆ, ವಿದ್ಯುತ್ ಹೋಗುವ ಮುನ್ನ ಬರೆದ ಕೊನೆಯ ಹತ್ತು ಹದಿನೈದು ಬಿಲ್ಲುಗಳನ್ನು ಕಾಗದದ ಪ್ರತಿಗಳೊಡನೆ ತಾಳೆ ನೋಡಬೇಕು.

ಪರದೆಯ ಮೇಲೆ ‘ಐ/ಓ ಎರರ್’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ ವಿಷಯ ಬೇರೆ. ಆಗ ಡಿಸ್ಕೇ ಕೊನೆಯುಸಿರೆಳೆಯುತ್ತಿರಬಹುದು. ಮೊದಲು ಕೇಬಲನ್ನು ನೋಡಬೇಕು. ಬಳಿಕ, ದುರಸ್ತಿಗೆ ತೊಡಗುವ ಮುನ್ನ, ‘ಡಿಡಿರೆಸ್ಕ್ಯೂ’ದಂತಹ ತಂತ್ರಾಂಶದಿಂದ ಇಡೀ ಡಿಸ್ಕನ್ನು ಮತ್ತೊಂದಕ್ಕೆ ನಕಲು ಮಾಡಿಕೊಂಡು ನಕಲಿನ ಮೇಲೆ ಪ್ರಯೋಗ ನಡೆಸಬೇಕು.

ಇನ್ನುಳಿದ ಕಾರಣಗಳು ಸುಲಭವಾದವು. ಹೊಸ ಕರ್ನೆಲ್ ಸ್ಥಾಪಿಸಿದ ಮರುದಿನವೇ ತೊಂದರೆ ಬಂದಿದ್ದರೆ ಗ್ರಬ್ ಪಟ್ಟಿಯಿಂದ ಹಳೆಯ ಕರ್ನೆಲ್ ಆರಿಸಿ ನೋಡಬೇಕು. ಜಾಲದ ಸ್ವಿಚ್ ಆರಿದ್ದರೂ ಸರ್ವರ್ ಕೆಲವು ನಿಮಿಷ ಕಾಯುವುದುಂಟು. ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿರುವುದರಿಂದ ಅದನ್ನು ಬಳಸುವವರು ಬದಲಾಯಿಸಬೇಕಾದುದು ನಿಜ. ಆದರೆ ಸರ್ವರ್ ನಿಂತ ದಿನ ಅದಕ್ಕೆ ತಕ್ಕ ದಿನವಲ್ಲ. ಸರ್ವರ್ ಎದ್ದ ಬಳಿಕ ‘ಜರ್ನಲ್‌ಸಿಟಿಎಲ್’ ಆದೇಶದಿಂದ ಹಿಂದಿನ ಆರಂಭದ ದಾಖಲೆಯನ್ನು ಓದಬಹುದು. ಆ ದಾಖಲೆ ಡಿಸ್ಕಿನಲ್ಲಿ ಉಳಿಯುವಂತೆ ಮೊದಲೇ ಏರ್ಪಾಡು ಮಾಡಿರಬೇಕು.

ಕಂಪನಿಗಳಿಗೆ ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ 2022ರಲ್ಲಿ ಆದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪತ್ರಗಳ ನಕಲನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸತಕ್ಕದ್ದು. ಅವಸರದ ಫಾರ್ಮ್ಯಾಟಿನಲ್ಲಿ ಆ ಜಾಡು ಅಳಿಸಿಹೋದರೆ ಬಿಲ್ಲುಗಳನ್ನು ಮರಳಿ ಬರೆಯಬಹುದೇ ಹೊರತು ಜಾಡನ್ನಲ್ಲ. ಕಂಪನಿಯಲ್ಲದ ವರ್ತಕರೂ ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ವಿವರಣ ಪತ್ರದ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾದಿರಿಸಬೇಕು.

ಎಫ್‌ಎಸ್‌ಟ್ಯಾಬ್ ತಿದ್ದಿದ ಬಳಿಕ ‘ಫೈಂಡ್‌ಎಂಎನ್‌ಟಿ’ ಆದೇಶಕ್ಕೆ ‘ವೆರಿಫೈ’ ಆಯ್ಕೆ ಕೊಟ್ಟು ಕಡತದಲ್ಲಿ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಯಾವುದಾದರೂ ರಜಾ ದಿನ, ತಂತ್ರಜ್ಞನ ಸಮ್ಮುಖದಲ್ಲಿ, ನಕಲು ಪಡೆದ ಹೊರ ಡಿಸ್ಕನ್ನು ಕಳಚಿಟ್ಟು ಸರ್ವರನ್ನು ಒಮ್ಮೆ ಕ್ರಮವಾಗಿ ಆರಿಸಿ ಹೊತ್ತಿಸಿ ನೋಡಬೇಕು. ಅಂದು ಅದು ಏಳದಿದ್ದರೆ ಸರಿಪಡಿಸಲು ಇಡೀ ದಿನ ಕೈಯಲ್ಲಿರುತ್ತದೆ.